ಡಿಸ್ಟಿಲ್ಡ್ ವಾಟರ್ ಎಂದು ನಾನು ಕೊಟ್ಟ ನೀರು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ನಿವೃತ್ತನಾದ ಮೇಲೆ ಬರೆಯುತ್ತೇನೆ ಅಂದುಕೊಂಡೆ. ಆಮೇಲೆ ಮಗಳ ಮದುವೆ ಮುಗಿಯಲಿ ಅಂದೆ. ನಿಜವೆಂದರೆ ಧೈರ್ಯವಿರಲಿಲ್ಲ. ಹೋದ ಮಳೆಗಾಲದಲ್ಲಿ, ಇದನ್ನು ಯಾರಿಗೆ ಹೇಳಬೇಕಿತ್ತೋ ಅವರೇ ತೀರಿಕೊಂಡ ಸುದ್ದಿ ಬಂತು. ಇನ್ನು ಮುಂದೂಡಲು ನೆಪವೂ ಇಲ್ಲ.

1978ರಲ್ಲಿ ನಾನು ಕುಮಟೆಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ವಿಭಾಗದಲ್ಲಿ ಒಬ್ಬರೇ ಮಹಿಳಾ ಉಪನ್ಯಾಸಕಿ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ನಾನೂ ಹಾಗೇ ಕರೆಯುತ್ತಿದ್ದೆ. ಹತ್ತಿರದ ಬಾಡ ಎಂಬ ಊರಿನ ಮೀನುಗಾರರ ಮನೆಯವರು, ಧಾರವಾಡದಲ್ಲಿ ಎಂಎಸ್ಸಿ ಮಾಡಿ ಬಂದವರು. ಕಾಲೇಜು ಮುಗಿದ ಮೇಲೆ ಪಿಎಚ್‌ಡಿ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರು.

ಅವರ ವಿಷಯ ಬ್ಯಾಟರಿ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ಚಾರ್ಜ್ ಸೋರಿಹೋಗುತ್ತದೆ. ಇದಕ್ಕೆ ಸೆಲ್ಫ್ ಡಿಸ್ಚಾರ್ಜ್ ಎನ್ನುತ್ತಾರೆ. ಸೀಸವನ್ನು ಗಟ್ಟಿ ಮಾಡಲು ಬೆರೆಸುವ ಆಂಟಿಮನಿಯೇ ಇದಕ್ಕೆ ದೊಡ್ಡ ಕಾರಣ. ಅದರ ಬದಲು ಚೂರು ಕ್ಯಾಲ್ಸಿಯಂ ಬೆರೆಸಿ ಅಕ್ಕೋರು ತಾವೇ ತಗಡು ಎರೆಯುತ್ತಿದ್ದರು. ದೋಣಿಗಳಲ್ಲಿ ದೀಪಕ್ಕೆ ಇಂಥದ್ದು ಬೇಕು, ವಾರಗಟ್ಟಲೆ ಇಟ್ಟರೂ ಸಾಯಬಾರದು ಎನ್ನುತ್ತಿದ್ದರು. ಮೊದಲ ತಂಡದ ಸೆಲ್‌ಗಳು ಹಾಗೆಯೇ ಚಾರ್ಜ್ ಉಳಿಸಿಕೊಂಡವು. ಒಳಗಿನ ತಗಡು ನೋಡಲು ಅವನ್ನು ಬಿಚ್ಚಿಯೂ ಆಗಿತ್ತು. ಇನ್ನೊಂದು ತಂಡ ಮಾಡಿ ಅದೇ ಫಲಿತಾಂಶ ತೋರಿಸಿದರೆ ಧಾರವಾಡದ ಗೈಡ್ ಪ್ರಬಂಧಕ್ಕೆ ಸಹಿ ಹಾಕುವವರಿದ್ದರು. ಅದರ ಮೇಲೆ ಒಂದು ಸಂಶೋಧನಾ ಸಂಸ್ಥೆಯ ಹುದ್ದೆ ನಿಂತಿತ್ತು.

ಬ್ಯಾಟರಿಯ ಆ್ಯಸಿಡ್ಡಿಗೆ ಬೆರೆಸುವ ನೀರು ಭಟ್ಟಿ ಇಳಿಸಿದ್ದೇ ಆಗಿರಬೇಕು. ಅದು ನನ್ನ ಕೆಲಸ. ಜೂನ್ ತಿಂಗಳ ಒಂದು ಮಧ್ಯಾಹ್ನ ಭಟ್ಟಿ ಇಳಿಸುವ ಯಂತ್ರ, ಸ್ಟಿಲ್, ಹಚ್ಚಿಟ್ಟು ಚಹಾಕ್ಕೆ ಹೋದವನು ಮಾತಿಗೆ ಕುಳಿತುಬಿಟ್ಟೆ. ಬಂದು ನೋಡಿದರೆ ನೀರು ಆರಿ, ಅದನ್ನು ಕಾಯಿಸುವ ಕಾಯಿಲ್ ಸುಟ್ಟಿತ್ತು. ಹೇಳಿದರೆ ಖಾಯಂ ಆಗುವುದು ತಪ್ಪುತ್ತದೆ ಎಂದು ಹೆದರಿದೆ. ಹೊನ್ನಾವರದಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದ ನನ್ನ ಭಾವ ಮಂಜುವಿನ ಹತ್ತಿರ ಓಡಿದೆ.

"ಎಂತಕ್ಕೆ ತಲೆಬಿಸಿ ಮಾಡ್ಕಂತಿ ಮಾರಾಯಾ," ಅಂದ. "ನಾವು ಲಾರಿ ಬ್ಯಾಟರಿಗೆ ಮಳೆನೀರೇ ಹಾಕೂದು. ಅದ್ಕಿಂತ ಶುದ್ಧ ನೀರು ಬೇಕಂದ್ರೆ ನಿಮ್ಮ ಅಕ್ಕೋರು ದೇವಲೋಕಕ್ಕೇ ಕೊಡಪಾನ ತಕಂಡು ಹೋಗ್ಬೇಕು."

ನನಗೆ ಸಮಾಧಾನವಾಯಿತು. ಕಾಲೇಜಿನ ಹಂಚಿನ ಮಾಡಿನಿಂದ ಮಳೆನೀರು ಇಳಿಯುವ ತಗಡಿನ ದೋಣಿಯ ಕೆಳಗೆ ಜಾಡಿ ಇಟ್ಟೆ. ಬಟ್ಟೆಯಲ್ಲಿ ಸೋಸಿದೆ. ನೀರು ಕನ್ನಡಿಯಂತೆ ಕಂಡಿತು. ಆ ದೋಣಿ ತುಕ್ಕು ಹಿಡಿದಿತ್ತು, ಮಾಡಿನ ಮೇಲೆ ಕಡಲಗಾಳಿ ತಂದ ಉಪ್ಪು ಕೂತಿತ್ತು ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಕಬ್ಬಿಣದ ಅಂಶ ಸ್ವಲ್ಪ ಸೇರಿದರೂ ಚಾರ್ಜ್ ಬೇಗ ಸೋರುತ್ತದೆಂದು ನಾನು ತಿಳಿದದ್ದು ಬಹಳ ತಡವಾಗಿ.

ಹೊಸ ಸೆಲ್‌ಗಳು ಕೆಲವೇ ದಿನಗಳಲ್ಲಿ ಸತ್ತವು. ಅಕ್ಕೋರು ಸೀಸ ಪರೀಕ್ಷಿಸಿದರು, ಬೆಸುಗೆ ಪರೀಕ್ಷಿಸಿದರು, ಮೀಟರ್ ಬದಲಿಸಿದರು. ಊಟದ ಡಬ್ಬಿ ಬಿಚ್ಚದೇ ಮನೆಗೆ ಹೋಗುತ್ತಿದ್ದರು. ಒಂದು ದಿನ ಕೇಳಿದರು: "ನೀರು ಸ್ಟಿಲ್ದೇ ಹೌದಲ್ದಾ, ಗಣಪು?"

"ಹೌದು ಅಕ್ಕೋರೆ."

ಅವರು ಮತ್ತೆ ಕೇಳಲಿಲ್ಲ. ನನ್ನನ್ನು ಅಷ್ಟು ನಂಬಿದ್ದರು.

ಆಗಸ್ಟಿನಲ್ಲಿ ಗೈಡ್ ಬಂದರು. ಒಳ್ಳೆಯ ಮನುಷ್ಯ, ಗದರಲಿಲ್ಲ. "ಮತ್ತೊಮ್ಮೆ ಮಾಡಿದರೆ ಬರದ ಫಲಿತಾಂಶವನ್ನು ನಾನು ಹೇಗೆ ಒಪ್ಪಲಿ? ಮೊದಲಿನ ಅಂಕಿಗಳ ಮೇಲೂ ಈಗ ಅನುಮಾನ ಬರುತ್ತದೆ," ಎಂದರು. ಅಕ್ಕೋರು ಮೇಜಿನ ಅಂಚು ಹಿಡಿದು ನಿಂತಿದ್ದರು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಮೀನುಬುಟ್ಟಿ ಹೊರೂದು ಬಿಟ್ಟು ಬ್ಯಾಟರಿ ಹೊರೂಕೆ ಹೋದ್ರೆ ಹಿಂಗೇ ಆಗೂದು," ಅಂದರು. ಚಹಾದ ಲೋಟ ಎತ್ತಲು ಹೋಗಿದ್ದ ನಾನೂ ನಕ್ಕೆ.

ಅಷ್ಟರಲ್ಲಿ ಮಂಜುವಿನ ಕೈಲಿ ಹುಬ್ಬಳ್ಳಿಯಿಂದ ಹೊಸ ಕಾಯಿಲ್ ತರಿಸಿ ಗುಟ್ಟಾಗಿ ಕೂರಿಸಿದ್ದೆ. ಈಗ ಮಾಡಿದರೆ ಸೆಲ್ ಸರಿಯಾಗಬಹುದು ಎಂದು ಒಳಗೇ ಅನಿಸುತ್ತಿತ್ತು. ಹೇಳಲು ಧೈರ್ಯ ಸಾಲದೆ, "ಇನ್ನೊಂದ್ಸಲ ಮಾಡಿ ಅಕ್ಕೋರೆ," ಎಂದಷ್ಟೇ ಅಂದೆ.

"ಮಾಡೂಕೆ ಎಂತ ಉಳ್ದದೆ?" ಅಂದರು. "ರಜೆ ಮುಗೀತು, ಸೀಸ ಮುಗೀತು. ನನ್ ಕೈಯೇ ಸರಿ ಇಲ್ಲ ಕಾಣ್ತದೆ. ಆತು, ಇದೆಲ್ಲ ತೆಗೆದಿಡು."

ತೆಗೆದಿಟ್ಟೆ. ಆ ವರ್ಷವೇ ನಾನು ಖಾಯಂ ಆದೆ. ಅವರು ಪ್ರಬಂಧ ಬಿಟ್ಟರು. ಸಂಸ್ಥೆಯ ಹುದ್ದೆ ಬೇರೆಯವರಿಗೆ ಹೋಯಿತು. ಮುಂದೆ ಭಟ್ಕಳದಲ್ಲಿ ಪಾಠ ಹೇಳುತ್ತ ಉಳಿದರು. ಮತ್ತೆ ಸೆಲ್ ಕಟ್ಟಲಿಲ್ಲ.

1986ರಲ್ಲಿ ಕುಮಟೆಯಿಂದ ಹೊನ್ನಾವರಕ್ಕೆ ಹೊರಟ ಬಸ್ಸಿನಲ್ಲಿ ಸಿಕ್ಕರು. ತಾವಾಗಿಯೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು, ಮಕ್ಕಳ ಬಗ್ಗೆ ಕೇಳಿದರು. ಆಮೇಲೆ, "ಆ ಎರಡನೇ ಸಲ ಎಲ್ಲಿ ತಪ್ಪಿದೆ ಅಂತ ಈಗ್ಲೂ ಲೆಕ್ಕ ಹಾಕ್ತೆ, ಗಣಪು. ಸಿಕ್ಕೂದೇ ಇಲ್ಲ," ಅಂದರು.

ಒಂದು ಮಾತು ಸಾಕಿತ್ತು. ನನ್ನ ನೌಕರಿಯನ್ನು ಆಗ ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಆದರೂ ಹಳದೀಪುರ ಬಂದಾಗ ಕೆಲಸವಿದೆ ಎಂದು ಸುಳ್ಳು ಹೇಳಿ ಇಳಿದುಬಿಟ್ಟೆ. ಬಸ್ಸು ಅವರನ್ನು ಕರೆದುಕೊಂಡು ಮುಂದೆ ಹೋಯಿತು.

ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಇದನ್ನು. ಕಾಯಿಲ್ ಸುಟ್ಟ ದಿನವೇ ಹೇಳಿದ್ದರೆ ಬೈಗುಳ ತಿಂದು ಮುಗಿಯುತ್ತಿತ್ತು, ಹೆಚ್ಚೆಂದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳದೆ ಉಳಿಸಿಕೊಂಡೆ, ಅದಕ್ಕೆ ಇನ್ನೊಬ್ಬರು ತಮ್ಮ ಕೈಯನ್ನೇ ತಾವು ನಂಬದೆ ಬದುಕಬೇಕಾಯಿತು. ಅವರ ಸೀಸದಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕ್ಷಮೆ ಕೇಳದೇ ಉಳಿದ ಅವರ ಹೆಸರು ಮಂಗಲಾ ನಾರಾಯಣ ಹರಿಕಂತ್ರ.