ಉಮ್ಮನಿಗೆ ಕಳಿಸಿದ ಸುಳ್ಳು ಕ್ಯಾಸೆಟ್

"ಎಷ್ಟು ತಾಳ್ಮೆ ಮಾರಾಯ್ತಿ ಅವಳಿಗೆ" ಅಂತ ಯಾರಾದರೂ ಬಾಣಂತಿಯನ್ನು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಣ ಇದೆ.

ತೊಂಬತ್ತರ ದಶಕದಲ್ಲಿ ನನ್ನ ಮೊದಲ ಹೆರಿಗೆಯಾದದ್ದು ಕತಾರಿನಲ್ಲಿ. ಅಲ್ ವಕ್ರಾದ ಬಾಡಿಗೆ ಮನೆ, ಬಾಣಂತನಕ್ಕೆ ಜನ ಇಲ್ಲ. ಇವರು ಬೆಳಗ್ಗೆ ಇಂಡಸ್ಟ್ರಿಯಲ್ ಏರಿಯಾದ ಗೋಡೌನಿಗೆ ಹೋದರೆ ಬರುವುದು ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಮೇಲೆ. ಹನ್ನೆರಡನೇ ದಿನ ಜ್ವರ ಬಂತು, ಹಾಲು ಕಟ್ಟಿ ಎದೆ ಕಲ್ಲಿನಂತಾಯಿತು. ಇವರಿಗೂ ಹೇಳದೆ ಬಟ್ಟೆ ಒಗೆಯುತ್ತಿದ್ದೆ.

ಎದುರು ಮನೆಯಲ್ಲಿ ಹೋಟೆಲ್ ಅಡುಗೆಯವನೊಬ್ಬನ ಹೆಂಡತಿ, ಚೀನಾದವಳು. ಬಂದವಳೇ ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡಳು. "ಯೂ ಸಿಟ್! ವರ್ಕ್ ಮಾಫಿ!" ಮಾಫಿ ಅಂದರೆ ಅರಬಿಯಲ್ಲಿ 'ಇಲ್ಲ'. ಬಾಣಂತನಕ್ಕೆ ಚೀನಾದವರ ಭಾಷೆಯಲ್ಲಿ 'ತಿಂಗಳು ಕೂರುವುದು' ಎನ್ನುತ್ತಾರಂತೆ. ನಾನು ಹೇಗೋ ತಡೆದುಕೊಳ್ಳುತ್ತೇನೆ ಅಂದೆ. ಅವಳ ಮುಖ ಸಣ್ಣಗಾಯಿತು. ಕಷ್ಟ ಸಹಿಸುವುದಕ್ಕೆ ಅವರಲ್ಲಿ 'ಕಹಿ ತಿನ್ನುವುದು' ಎನ್ನುವ ಮಾತಿದೆ. ಅವಳ ತಾಯಿ ಅದರಲ್ಲಿ ಗಟ್ಟಿಗಿತ್ತಿ ಅಂತ ಊರೆಲ್ಲ ಹೊಗಳುತ್ತಿತ್ತಂತೆ. ಹಾಗಾಗಿ ಕಾಯಿಲೆ ಬಿದ್ದಾಗ ಯಾರೂ ಡಾಕ್ಟರನ್ನು ಕರೆಯಲೇ ಇಲ್ಲವಂತೆ.

ಆಗ ನಾವು ಕ್ಯಾಸೆಟ್‌ಗೆ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಅವತ್ತು ಊರಲ್ಲಿದ್ದ ತಾಯಿಗೆಂದು ರೆಕಾರ್ಡ್ ಒತ್ತಿ "ಉಮ್ಮಾ" ಅಂದದ್ದೇ ಅಳು ಬಂತು. "ಜ್ವರ ಉಂಟು ಉಮ್ಮಾ, ನನ್ನಿಂದ ಆಗುದಿಲ್ಲ." ಹಿಂದೆ ಸುತ್ತಿ ಕೇಳಿದೆ. ನಾಚಿಕೆಯಾಯಿತು. ಅದರ ಮೇಲೆಯೇ ನಗುನಗುತ್ತಾ ಬೇರೆ ಮಾತು ತುಂಬಿದೆ. ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ಆ ಚೀನಾದವಳೇ.

ಊರಲ್ಲಿ ಉಮ್ಮ ಬಂದವರಿಗೆಲ್ಲ ಕ್ಯಾಸೆಟ್ ಹಾಕಿದರಂತೆ. "ಕೇಳಿ, ಒಬ್ಬಳೇ ಎಲ್ಲ ಮಾಡ್ತಾಳೆ. ಒಂದು ಉಸ್ ಅಂತ ಇಲ್ಲ!"

ಎರಡು ವರ್ಷದ ನಂತರ ಊರಲ್ಲಿ ತಂಗಿಗೆ ಹೆರಿಗೆಯಾಯಿತು. ನರಳಿದಾಗೆಲ್ಲ ಅವಳಿಗೆ ಸಿಕ್ಕಿದ್ದು ನನ್ನ ಉದಾಹರಣೆ. ಆಮೇಲೆ ಜ್ವರ ಬಂದಾಗ ಅವಳು ಬಾಯಿ ಬಿಡಲಿಲ್ಲ. ಮೂರನೇ ದಿನ ಎಚ್ಚರ ತಪ್ಪಿದವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಹೇಗೋ ಬದುಕಿದಳು.

ರಜೆಗೆ ಹೋದಾಗ ಬೈದೆ. "ಬಾಯಿ ಇರ್ಲಿಲ್ವಾ ನಿನಗೆ?"

"ಕ್ಯಾಸೆಟ್ಟಲ್ಲಿ ನೀನು ಎಷ್ಟು ನಗ್ತಾ ಇದ್ದೆ ಅಕ್ಕಾ. ನನಗೆ ಮಾತ್ರ ಎಂತಕೆ ಆಗುದಿಲ್ಲ ಅಂತ ನಾಚಿಕೆ ಆಯ್ತು."

ಉಮ್ಮ ಅಲ್ಲೇ ತೊಟ್ಟಿಲು ತೂಗುತ್ತಿದ್ದರು. ಆ ನಗುವಿನ ಅಡಿಯಲ್ಲಿ ಏನಿತ್ತು ಅಂತ ಇಬ್ಬರಿಗೂ ಹೇಳಿದೆ. ತೊಟ್ಟಿಲು ನಿಂತಿತು.

"ನಾನು ಅದನ್ನು ಎಷ್ಟು ಜನರಿಗೆ ಕೇಳಿಸಿದೆ..." ಅಂದರು ಉಮ್ಮ. ಮಗು ಅಳಲು ಶುರು ಮಾಡಿದರೂ ಅವರ ಕೈ ಅಲುಗಲಿಲ್ಲ.