ಸಡ್ಲ ಬಿಡು

ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ನನ್ನ ಗಂಡ ದರ್ಜಿಯನ್ನು ಬೈದರು. ಮರುದಿನ ಬೇರೆ ಅಂಗಿ, ಅದೇ ಸಿಟ್ಟು. ಬಲಗೈ ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. ಅವರು ಆಟಗಾರರ ಮೊಣಕಾಲಿನ ಸರ್ಜನ್.

ರಾಯಚೂರು ಬಿಟ್ಟು ಬಂದು ಕಾಚಿಗೂಡದ ಸಣ್ಣ ಕ್ಲಿನಿಕ್ಕಿನಲ್ಲಿ ಶುರು ಮಾಡಿದಾಗ ಕಬಡ್ಡಿ, ಖೋಖೋ ಆಡುವವರು ಬರುತ್ತಿದ್ದರು. ಇವರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು, ಲಿಗಮೆಂಟ್ ಹರಿದಿದೆಯೋ ಇಲ್ಲವೋ ಹೇಳುವರು. ಕಾಲು ಬಿಗಿ ಹಿಡಿದರೆ ಗೊತ್ತಾಗದು. ಅದಕ್ಕೇ "ಸಡ್ಲ ಬಿಡು" ಅನ್ನುತ್ತಿದ್ದರು. ನಮ್ಮ ರಾಯಚೂರಿನ ಈ ಮಾತನ್ನು ತಾವೇ ತೆಲುಗಿಗೆ ತಿರುಗಿಸಿ, ರೇಣುಕಾ ಎಂಬ ಕಬಡ್ಡಿ ಹುಡುಗಿಗೆ ಒಮ್ಮೆ "ವದಿಲೇಯಮ್ಮಾ" ಅಂದರು. ಆಟವನ್ನೇ ಬಿಟ್ಟುಬಿಡು ಅಂದರೆಂದು ತಿಳಿದು ಅವಳು ಹೋ ಎಂದು ಅತ್ತಳಂತೆ. ಆಮೇಲೆ ಆಪರೇಷನ್ ಮಾಡಿ ಅವಳನ್ನು ಮತ್ತೆ ಆಟಕ್ಕಿಳಿಸಿದರು.

ಐಟಿ ಕಂಪನಿಗಳು ಬಂದ ಮೇಲೆ ದೊಡ್ಡ ಆಸ್ಪತ್ರೆ ಇವರನ್ನು ಕರೆಯಿತು. ನಾವು ಆ ಕಂಪನಿಗಳ ಮಗ್ಗುಲಿನ ಮಣಿಕೊಂಡಕ್ಕೆ ಬಂದೆವು. ವಾರವೆಲ್ಲ ಕುರ್ಚಿಯಲ್ಲಿ ಕುಳಿತು, ಭಾನುವಾರ ಕ್ರಿಕೆಟ್ ಆಡಿ ಬಿದ್ದವರು ಸಾಲುಗಟ್ಟಿದರು. ರಸ್ತೆಯಲ್ಲಿ ಇವರ ಮುಖದ ಹೋರ್ಡಿಂಗ್. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಹೆಬ್ಬೆರಳು ತೋರಿಸಲು ಹೋದ ನ್ಯೂರಾಲಜಿಸ್ಟ್ ಇವರ ಕ್ಲಾಸ್‌ಮೇಟ್. ಟೆಸ್ಟ್ ಮಾಡಿಸಿ, ನಮ್ಮ ಮುಖ ನೋಡದೆ ಹೇಳಿದರು.

ಮೋಟಾರ್ ನ್ಯೂರಾನ್ ಡಿಸೀಸ್. ವಾಸಿಯಾಗದು.

ಮರುದಿನ ಬೆಳಿಗ್ಗೆ ಇವರು ಆಪರೇಷನ್‌ಗೆ ಹೊರಟು ನಿಂತರು.

"ಬಿಡ್ರಿ ಇನ್ನ," ಅಂದೆ.

"ಏನ್ ಬಿಡ್ಲಿ? ಕೈಯಂತೂ ತಾನೇ ಬಿಟ್ಟೈತಿ."

"ಮಂದಿ ಕಾಲು ಕೆಡಸಬ್ಯಾಡ್ರಿ."

"ಕೆಡಸೀನೇನ? ಒಂದರ ತೋರಸು."

ಕೆಟ್ಟ ಮೇಲೆ ತೋರಿಸಿ ಏನು ಮಾಡುವುದು? ನಾನೇ ಆಸ್ಪತ್ರೆಯ ಮ್ಯಾನೇಜರ್ ಹತ್ತಿರ ಹೋದೆ. ಅವನು ಚಹಾ ತರಿಸಿದ. ಕೊಯ್ಯುವುದು, ಹೊಲಿಯುವುದು ಜೂನಿಯರ್ ಮಾಡಲಿ, "ಡಾಕ್ಟರ್‌ಸಾಬ್ ಬಸ್ ಖಡೇ ರಹೇಂ" ಅಂದ. ಸುಮ್ಮನೆ ನಿಂತಿದ್ದರೆ ಸಾಕಂತೆ. ರೋಗಿಗೆ ಅರಿವಳಿಕೆ ಕೊಟ್ಟಿರುತ್ತಾರಲ್ಲ, ಏನು ತಿಳಿಯುತ್ತದೆ? ಚಹಾ ಮುಟ್ಟದೆ ಎದ್ದು ಬಂದೆ. ಅವನ ಮಾತನ್ನು ಒಂದಿಷ್ಟೂ ಮೆತ್ತಗೆ ಮಾಡದೆ ಇವರ ಮುಂದಿಟ್ಟೆ. ನೋಯಲಿ ಎಂದೇ ಇಟ್ಟೆ.



"ನಿಂದ್ರಾಕ ರಸ್ತಾದಾಗ ಒಬ್ಬಾಂವ ಅದಾನಲ್ಲ. ಸಾಕು," ಅಂದರು.

ಅವತ್ತೇ ಬಿಟ್ಟರು. ಆಸ್ಪತ್ರೆಯವರು ಹೋರ್ಡಿಂಗ್ ಇಳಿಸಿ ಬೇರೆ ಮುಖ ಹಾಕಿದರು. ಮನೆಗೆ ಒಬ್ಬರೂ ಬರಲಿಲ್ಲ.

ರೋಗ ಒಂದೊಂದಾಗಿ ಎಲ್ಲವನ್ನೂ ಸಡಿಲಿಸಿತು. ಕೈ, ಕುತ್ತಿಗೆ, ನಾಲಿಗೆ. ಉಣಿಸುವಾಗ ಅನ್ನ ಬಾಯಿಂದ ಜಾರಿದರೆ ನನ್ನನ್ನೇ ಕೆಕ್ಕರಿಸಿ ನೋಡುವರು. ನಾನೂ ಹಾಗೇ ನೋಡುತ್ತಿದ್ದೆ. ಸಿಟ್ಟು ಇಳಿಸಲು ಇಬ್ಬರಿಗೂ ಬೇರೆ ಜಾಗವಿರಲಿಲ್ಲ. ಕೊನೆಕೊನೆಗೆ ಇವರ ಅಕ್ಕ, "ಬಿಡ್ರಿ ಅಂತ ಕಿವ್ಯಾಗ ಹೇಳವ್ವಾ, ಜೀವ ಹಗುರಾಗತೈತಿ" ಅಂದರು. ಹೇಳಲಿಲ್ಲ. ಆ ಮಾತು ಒಮ್ಮೆ ಹೇಳಿ ಆಗಿತ್ತು.

ಹೋದ ತಿಂಗಳು ತೀರಿಕೊಂಡರು. ತಿಥಿಯ ದಿನ ರೇಣುಕಾ ಬಂದಳು. ಈಗ ಶಾಲೆಯೊಂದರಲ್ಲಿ ಕಬಡ್ಡಿ ಕಲಿಸುತ್ತಾಳಂತೆ. ಕುರ್ಚಿ ಬೇಡವೆಂದು ಫೋಟೊದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಒಂದೇ ಸಮ ಮಡಿಚಿದ್ದ ಅವಳ ಎರಡೂ ಮೊಣಕಾಲುಗಳನ್ನು ನೋಡಿದೆ. ಇವರು ಕೊಯ್ದು ಹೊಲಿದದ್ದು ಯಾವುದೆಂದು ನನಗೆ ಗೊತ್ತಾಗಲಿಲ್ಲ.