ಬೀಡಿ ಕಟ್ಟುವಾಗ ಓದಿದ ಕಾದಂಬರಿಗಳು

ಕಂಕನಾಡಿಯ ರಸ್ತೆಯ ಎರಡೂ ಬದಿಯಲ್ಲಿ ಇನ್ನೂ ಹಂಚಿನ ಮನೆಗಳಿದ್ದ ಕಾಲ ಅದು. ಮಧ್ಯಾಹ್ನ ಯಾವ ಜಗಲಿಗೆ ಹೋದರೂ ಹೊಗೆಸೊಪ್ಪಿನ ಘಾಟು. ಹೆಂಗಸರು ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಮೊರ, ನಮ್ಮ ಕಡೆಯ ತಡ್ಪೆ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವಿತ್ತು. ಹಾಗಾಗಿ ಓದಲು ಬರುವ ಮಕ್ಕಳನ್ನು ಎದುರು ಕೂರಿಸಿ ಕಾದಂಬರಿ ಓದಿಸುತ್ತಿದ್ದರು.

ಏಳನೆಯ ತರಗತಿ ಮುಗಿದ ಬೇಸಗೆ ರಜೆಯಲ್ಲಿ ಒಂದು ತಿಂಗಳು ಪೂರ್ತಿ ನಾನು ಅಕ್ಕನಿಗೆ ಓದಿದೆ. ಆಮೇಲೆ ನನ್ನ ಶಾಲೆ ಹೆಚ್ಚು ನಡೆಯಲಿಲ್ಲ. ಓದು ಅಂತ ಆದದ್ದು ಆ ತಿಂಗಳಲ್ಲೇ. ಅಕ್ಕ ಹತ್ತನೆಯದನ್ನು ಅರ್ಧಕ್ಕೆ ಬಿಟ್ಟು ಬೀಡಿಗೆ ಕೂತವಳು. ನಾನು ತಪ್ಪು ಓದಿದರೆ ತಲೆ ಎತ್ತದೆಯೇ ತಿದ್ದುತ್ತಿದ್ದಳು.

"ಈ ಹುಡುಗಿ ಗಂಡನ ಮನೆಗೇ ವಾಪಸ್ ಹೋಗ್ತಾಳೆ ನೋಡು" ಎನ್ನುವಳು.

"ನಿನಗೆ ಹೇಗೆ ಗೊತ್ತು?"

"ಬರೆದದ್ದು ಗಂಡಸು ಅಲ್ವಾ ಮಾರಾಯ."

ಒಳಗಿನಿಂದ ಅಮ್ಮ ಕೂಗುವರು: "ಕಥೆ ಸಾಕು, ಎಲೆ ಒಣಗ್ತಾ ಉಂಟು!"

ಪುಸ್ತಕ ತರುತ್ತಿದ್ದದ್ದು ಹಮೀದ್ ಕಾಕನ ಬಾಡಿಗೆ ಪುಸ್ತಕದ ಅಂಗಡಿಯಿಂದ. ಬದಲಾಯಿಸಿ ತರುವ ಕೆಲಸ ನನ್ನದು. ಆಗ ಬದಿಯ ಮನೆಗಳನ್ನು ಒಡೆದು ರಸ್ತೆ ಅಗಲ ಮಾಡುತ್ತಿದ್ದರು. ನಾನು ಐಸ್‌ಕ್ಯಾಂಡಿ ಚೀಪುತ್ತಾ ನಿಂತುಬಿಡುತ್ತಿದ್ದೆ. ಯಾರದೋ ಅಡಿಗೆಮನೆಯ ಮಸಿ ಹಿಡಿದ ಗೋಡೆ ರಸ್ತೆಗೆ ಕಾಣುತ್ತಿತ್ತು. ಹಳೆ ಸುಣ್ಣದ, ಹಲಸಿನ ಮರದ ತೊಲೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಕಲ್ಲುಕಟ್ಟಿನ ಬಾವಿಗೆ ಲಾರಿಯಲ್ಲಿ ತಂದು ಮಣ್ಣು ಸುರಿಯುತ್ತಿದ್ದರು.

"ಇವತ್ತು ಎಂತ ಬಿತ್ತು?" ಎಂದು ಅಕ್ಕ ಕೇಳುತ್ತಿದ್ದಳು. ಒಂದು ಗೋಡೆ ಬಿದ್ದಿದ್ದರೆ ನಾನು ಇಡೀ ಮನೆ ಬೀಳಿಸುತ್ತಿದ್ದೆ. ಮಾಡಿನಿಂದ ಹಾವು ಇಳಿದ ಕಥೆ ಕಟ್ಟುತ್ತಿದ್ದೆ. ಅವಳ ಕೈ ನಿಂತುಬಿಡುತ್ತಿತ್ತು. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿ ಬರುವುದು ಬಿಟ್ಟರೆ ಅವಳಿಗೆ ಮಂಗಳೂರು ಅಂದರೆ ನಾನು ಹೇಳಿದಷ್ಟೇ.

ಒಂದು ದಿನ ಕಾಕ ನನ್ನನ್ನು ಹತ್ತಿರ ಕರೆದರು.

"ಮೋನೇ, ಈ ಅಂಗಡಿಯೂ ರಸ್ತೆಗೆ ಹೋಗ್ತದೆ. ಅತ್ತಾವರದಲ್ಲಿ ಒಂದು ರೂಮ್ ನೋಡಿದ್ದೇನೆ. ಮಗ ದುಬೈ ಬಿಟ್ಟು ಬರುವುದಿಲ್ಲ. ನಿನ್ನ ಅಕ್ಕನಿಗೆ ಪುಸ್ತಕ ಗೊತ್ತುಂಟಲ್ಲ, ಅಂಗಡಿಯಲ್ಲಿ ಕೂತುಕೊಳ್ತಾಳಾ ಕೇಳು. ಬೀಡಿಗಿಂತ ಒಳ್ಳೆಯದು."

ನಾನು ಮನೆಗೆ ಹೋಗಿ ಹೇಳಲಿಲ್ಲ. ಅಕ್ಕ ಅತ್ತಾವರಕ್ಕೆ ಹೋಗಿ ಬರಲು ಶುರುಮಾಡಿದರೆ ಊರನ್ನು ತಾನೇ ನೋಡುತ್ತಾಳೆ, ಪುಸ್ತಕವನ್ನು ತಾನೇ ಓದುತ್ತಾಳೆ. ಮತ್ತೆ ನನ್ನ ಮಾತಿಗೆ ಯಾರು ಬಾಯಿ ಬಿಟ್ಟು ಕೂರುತ್ತಾರೆ? ಅಷ್ಟೇ ನನ್ನ ಲೆಕ್ಕ. ಮರುದಿನ ಕಾಕನಿಗೆ ಹೇಳಿದೆ: "ಮನೆಯಲ್ಲಿ ಬಿಡುವುದಿಲ್ಲವಂತೆ."

"ಹೌದಾ? ಪಾಪ" ಎಂದರು ಕಾಕ. ನನ್ನ ಕೈಗೆ ಒಂದು ಚಿಕ್ಕಿ ಕೊಟ್ಟರು. ನಾನು ಅದನ್ನು ತಿಂದೆ.

ಶಾಲೆ ಶುರುವಾಗುವ ಮೊದಲೇ ಅಂಗಡಿ ನೆಲಸಮವಾಯಿತು.

"ಕಾಕ ಹೋಗುವಾಗ ಎಂತದೂ ಹೇಳಲಿಲ್ವಾ?" ಅಕ್ಕ ಕೇಳಿದಳು.

"ಇಲ್ಲ."

"ನಾನು ಅಷ್ಟು ಪುಸ್ತಕ ತರಿಸಿದವಳು..." ಎಂದು ಏನೋ ಹೇಳಹೊರಟು, ಬೀಡಿಯ ನೂಲನ್ನು ಹಲ್ಲಿನಿಂದ ಕಚ್ಚಿದಳು.

ಅಕ್ಕನಿಗೆ ಮದುವೆಯಾಯಿತು. ಗಂಡನ ಮನೆಯ ಜಗಲಿಯಲ್ಲೂ ತಡ್ಪೆಯೇ. ಅತ್ತಾವರದ ಅಂಗಡಿಯಲ್ಲಿ ಬೇರೊಬ್ಬ ಹುಡುಗಿ ಕೂತಳು. ಆಮೇಲೆ ಅವಳೇ ಅದನ್ನು ನಡೆಸಿದಳು ಎಂದು ಕೇಳಿದ್ದೇನೆ. ಈಗ ಅಲ್ಲಿ ಮೊಬೈಲ್ ಅಂಗಡಿ. ಕಾಕ ಇಲ್ಲ. ಕಂಕನಾಡಿಯ ಹಂಚಿನ ಮನೆಗಳಿಲ್ಲ, ಯಾವ ಜಗಲಿಯಲ್ಲೂ ಮಕ್ಕಳು ಗಟ್ಟಿಯಾಗಿ ಓದುವ ಸ್ವರವಿಲ್ಲ.

ಕಳೆದ ಮಳೆಗಾಲ ಅಕ್ಕನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ನನ್ನ ರಿಕ್ಷಾದಲ್ಲೇ ಕರೆದುಕೊಂಡು ಬರುತ್ತಿದ್ದೆ. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡೆವು. ಯಾಕೋ ತಡೆಯಲಾಗಲಿಲ್ಲ, ಕಾಕ ಕರೆದದ್ದು, ನಾನು ಮುಚ್ಚಿಟ್ಟದ್ದು ಎಲ್ಲ ಹೇಳಿಬಿಟ್ಟೆ. ತಿರುಗಿ ನೋಡುವ ಧೈರ್ಯವಿರಲಿಲ್ಲ.

ಹಿಂದಿನ ಸೀಟಿನಿಂದ ಅವಳ ದನಿ ಬಂತು.

"ಈಗ ಯಾಕೆ ಹೇಳಿದ್ದು? ನಿನಗೆ ಹಗುರ ಆಗ್ಲಿಕ್ಕಾ?"

"ಹಾಗಲ್ಲ ಅಕ್ಕ..."

"ನನ್ನನ್ನು ಯಾರೂ ಕರೆಯಲೇ ಇಲ್ಲ ಅಂತ ಅಂದುಕೊಂಡು ಇದ್ದೆ. ಕರೆಯದಿದ್ದರೆ ಎಂತ ಮಾಡುವುದು, ಯಾರ ಮೇಲೆ ಸಿಟ್ಟು? ಇಷ್ಟು ವರ್ಷ ಹಾಗೆ ಸುಮ್ಮನೆ ಇರ್ಲಿಕ್ಕೆ ಆಯ್ತು. ಇನ್ನು ಅದೂ ಆಗುವುದಿಲ್ಲ."

ಮುಂದಿನ ಲಾರಿ ಹೊರಟಿತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

"ಹೋಗು" ಎಂದಳು.